ನೀರಿನ ಲೆಕ್ಕ: ನಾಗಪುರದ ಒಂದು ಮಿಠಾಯಿ ಮನೆತನ

ಬೆಂಗಳೂರಿನಿಂದ ದೆಹಲಿಗೆ ಹೋಗುವ ರಾಜಧಾನಿ ರೈಲು ನಾಗಪುರದಲ್ಲಿ ನಿಲ್ಲುತ್ತದೆ. ಅಲ್ಲಿ ಹತ್ತುವವರ ಕೈಚೀಲದಲ್ಲಿ ಕಿತ್ತಳೆ ಬಣ್ಣದ ಬರ್ಫಿಯ ಒಂದು ಪೆಟ್ಟಿಗೆ ಇರುವುದು ಮಾಮೂಲು. ಸಂತ್ರಾ ಬರ್ಫಿ. ಧಾರವಾಡಕ್ಕೆ ಪೇಢೆ, ಬೆಳಗಾವಿಗೆ ಕುಂದಾ ಇದ್ದಂತೆ ನಾಗಪುರಕ್ಕೆ ಇದು. ಆ ಪೆಟ್ಟಿಗೆಯ ಮೇಲೆ ಹಲವು ಸಲ ಕಾಣುವ ಹೆಸರು ಹಲ್ದಿರಾಮ್. ರಾಜಸ್ಥಾನದ ಮರುಭೂಮಿಯಲ್ಲಿ ಹುಟ್ಟಿದ ಈ ಹೆಸರು ನಾಗಪುರಕ್ಕೆ ಬಂದು ನೆಲೆಸಿದ್ದು ಹೇಗೆ, ಒಂದು ಸಿಹಿ ಅಂಗಡಿ ಮೂರು ನಾಲ್ಕು ತಲೆಮಾರು ಬಾಳುವುದು ಯಾವ ಬಲದ ಮೇಲೆ, ಬರ್ಫಿಯೊಳಗೆ ಹುಳಿ ಹಣ್ಣು ಕೂರುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಮೂರಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಅದು ನೀರಿನ ಲೆಕ್ಕ.

ಮಿಠಾಯಿ ಕಟ್ಟೆಯ ಮುಂದೆ ನಿಂತಾಗ ನಾವು ನೋಡುವುದು ಬಣ್ಣ, ಆಕಾರ, ಬೆಲೆ. ಮಾಡುವವನು ನೋಡುವುದು, ಇದು ಎಷ್ಟು ದಿನ ಇರುತ್ತದೆ ಎಂಬುದನ್ನು. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಅದನ್ನು ಬಾಣಲೆಯಲ್ಲಿ ಇಂಗಿಸುತ್ತಾ ಹೋದಂತೆ ಬಾಸುಂದಿ, ಆಮೇಲೆ ಖೋವಾ, ಇನ್ನೂ ಹುರಿದರೆ ಪೇಢೆ. ಪ್ರತಿ ಹಂತದಲ್ಲೂ ನೀರು ಕಡಿಮೆಯಾಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಸಕ್ಕರೆ ಮಾಡುವ ಕೆಲಸವೂ ಅದೇ. ಉಳಿದ ನೀರನ್ನು ಅದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೂ ಬೂಸ್ಟಿಗೂ ಬಳಸಲು ನೀರು ಸಿಗುವುದಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವುದನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ.

ಈ ಲೆಕ್ಕ ಸರ್ಕಾರಿ ಕಾಗದದಲ್ಲೂ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಸಾಂಪ್ರದಾಯಿಕ ಹಾಲಿನ ಸಿಹಿಗಳ ಬಗ್ಗೆ ಕೊಟ್ಟ ಮಾರ್ಗದರ್ಶಿಯಲ್ಲಿ ಕಲಾಕಂದ್‌ಗೆ 1 ದಿನ, ರಸಗುಲ್ಲಾ ರಸಮಲೈನಂಥ ಬಂಗಾಳಿ ಸಿಹಿಗೆ 2 ದಿನ, ಖೋವಾದ ಬರ್ಫಿಗಳಿಗೆ 4 ದಿನ, ಕಾಜು ಕತ್ಲಿಯಂಥ ತುಪ್ಪ ಮತ್ತು ಒಣಹಣ್ಣಿನ ಸಿಹಿಗೆ 7 ದಿನ, ಬೇಸನ್ ಲಾಡು, ಚಿಕ್ಕಿಯಂಥವಕ್ಕೆ 30 ದಿನದವರೆಗೆ ಆಯುಷ್ಯ ಹೇಳಲಾಗಿದೆ. 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿಯ ತಟ್ಟೆಯ ಮುಂದೆಯೂ ಇಂಥ ದಿನದೊಳಗೆ ತಿನ್ನಿ ಎಂದು ಬರೆದಿಡುವುದನ್ನು ಕಡ್ಡಾಯ ಮಾಡಲಾಯಿತು. ತಟ್ಟೆಯ ಮುಂದಿನ ಆ ಚೀಟಿಯನ್ನು ಹೆಚ್ಚಿನವರು ಓದುವುದಿಲ್ಲ. ಓದಬೇಕು. ಅಂಗಡಿಯ ಅತ್ಯಂತ ಮುಖ್ಯ ಮಾಹಿತಿ ಅದರಲ್ಲೇ ಇರುತ್ತದೆ.

1 ದಿನದ ಸಿಹಿ ಆ ಬೀದಿಯನ್ನು ದಾಟುವುದಿಲ್ಲ. 4 ದಿನದ್ದು ರೈಲು ಹತ್ತಬಹುದು. 30 ದಿನದ್ದು ಹೊರರಾಜ್ಯಕ್ಕೆ ಹೋದೀತು. ನಮ್ಮ ಗೋಕಾಕದ, ಅಮೀನಗಡದ ಕರದಂಟು ಮುಂಬೈಯವರೆಗೂ ಸಲೀಸಾಗಿ ಹೋಗುತ್ತದೆ. ಅಂಟು, ಬೆಲ್ಲ, ಒಣಹಣ್ಣು ಬಿಟ್ಟರೆ ಅದರಲ್ಲಿ ಹಸಿ ಎನ್ನುವಂಥದ್ದು ಏನೂ ಇಲ್ಲ. ಮಿಠಾಯಿಗಾರನ ಮಕ್ಕಳು ಮೊಮ್ಮಕ್ಕಳು ಎಷ್ಟು ದೂರ ಅಂಗಡಿ ತೆರೆಯಬಲ್ಲರು ಎಂಬುದನ್ನೂ ಬಹುಮಟ್ಟಿಗೆ ಇದೇ ತೀರ್ಮಾನಿಸುತ್ತದೆ.

ಈಗ ಹಲ್ದಿರಾಮ್ ಹೆಸರು ಹುಟ್ಟಿದ ಬಿಕಾನೇರ್‌ಗೆ ಬರೋಣ. ಮನೆತನದ ಮೂಲಪುರುಷ ಗಂಗಾ ಬಿಶನ್ ಅಗರ್ವಾಲ್. ಹಲ್ದಿರಾಮ್ ಎಂಬುದು ಅವರಿಗಿದ್ದ ಇನ್ನೊಂದು ಹೆಸರು. ಮನೆಯ ಅಂಗಡಿಯಲ್ಲಿ ಭುಜಿಯಾ, ಅಂದರೆ ನಮ್ಮ ಸೇವಿನ ಜಾತಿಯ ಖಾರ, ಮಾರಾಟವಾಗುತ್ತಿತ್ತು. ಹುಡುಗನಾಗಿದ್ದಾಗಲೇ ಕಟ್ಟೆಯ ಮೇಲೆ ಕೂತ ಗಂಗಾ ಬಿಶನ್ ಅದರಲ್ಲಿ ಎರಡು ಬದಲಾವಣೆ ಮಾಡಿದರೆಂದು ಮನೆತನದ ಕಥೆ ಹೇಳುತ್ತದೆ. ಕಡಲೆಹಿಟ್ಟಿನ ಬದಲು ಮಡಿಕೆ ಕಾಳಿನ ಹಿಟ್ಟು ಹಿಡಿದರು. ದಪ್ಪ ಎಳೆಯನ್ನು ಬಿಟ್ಟು, ಸಣ್ಣ ತೂತಿನ ಅಚ್ಚಿನಲ್ಲಿ ನೂಲಿನಂತೆ ಒತ್ತಿದರು. ಮಡಿಕೆ ಕಾಳು ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಮೊಳಕೆ ಬರಿಸಿ ಪಲ್ಯ ಮಾಡುವ ಕಾಳು ಅದೇ. ಕಡಿಮೆ ಮಳೆಯಲ್ಲಿ, ಮರಳು ನೆಲದಲ್ಲಿ ಬೆಳೆಯುವುದರಿಂದ ಥಾರ್ ಮರುಭೂಮಿಗೆ ಅದು ಸ್ವಂತ ಬೆಳೆ. ಎಳೆ ಸಣ್ಣದಾದರೆ ಎಣ್ಣೆಗೆ ಬಿದ್ದ ಕೂಡಲೇ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ದಪ್ಪ ಎಳೆಯಲ್ಲಿ ಹೊರಗೆ ಕೆಂಪಾದರೂ ನಡುವೆ ತೇವ ಉಳಿದು, ಎರಡು ದಿನಕ್ಕೆ ಮೆತ್ತಗಾಗುತ್ತದೆ. ಮನೆಯಲ್ಲಿ ಸೇವು ಒತ್ತುವವರಿಗೆ ಈ ವ್ಯತ್ಯಾಸ ಅನುಭವದಿಂದಲೇ ಗೊತ್ತು. ರುಚಿಗಾಗಿ ಮಾಡಿದ ಬದಲಾವಣೆಯೇ ಆಯುಷ್ಯವನ್ನೂ ಹೆಚ್ಚಿಸಿತು. ಮುಂದೆ ಇಡೀ ಮನೆತನವನ್ನು ಹೊತ್ತು ನಡೆದದ್ದು ಆ ಒಣ ಎಳೆಯೇ ಎಂದು ನನ್ನ ನಂಬಿಕೆ.

ಅದನ್ನು ಅವರು ಡೂಂಗರ್ ಸೇವ್ ಎಂಬ ಹೆಸರಿನಲ್ಲಿ ಮಾರಿದರಂತೆ. 1872ರಿಂದ 1887ರವರೆಗೆ ಬಿಕಾನೇರ್ ಆಳಿದ ಮಹಾರಾಜ ಡೂಂಗರ್ ಸಿಂಗ್ ಆ ಹೊತ್ತಿಗೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಊರಿನವರಿಗೆ ಹೆಸರು ಪರಿಚಿತ, ಅದರಲ್ಲೊಂದು ಗೌರವ. ಯಾರೂ ತಿಂದು ನೋಡದ ತಿನಿಸಿಗೆ ಎಲ್ಲರೂ ಬಲ್ಲ ಹೆಸರು. ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವುದು 1937. 1950ರ ದಶಕದಲ್ಲಿ ಕುಟುಂಬ ಕೋಲ್ಕತ್ತಕ್ಕೂ ವ್ಯಾಪಾರ ಒಯ್ದಿತು. ಅಲ್ಲಿ ನೆಲೆಸಿದ್ದ ಮಾರ್ವಾಡಿಗಳಿಗೆ ತವರಿನ ಖಾರ ಬೇಕಿತ್ತು.

ನಾಗಪುರದ ಅಧ್ಯಾಯ ಗಂಗಾ ಬಿಶನ್ ಅವರ ಮೊಮ್ಮಗ, ಮೂಲ್‌ಚಂದ್ ಅವರ ಮಗ ಶಿವಕಿಶನ್ ಅಗರ್ವಾಲ್ ಅವರದು. ಅವರು ಇಲ್ಲಿಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. 1970ರ ಹೊತ್ತಿಗೆ ಸಂಸ್ಥೆಯ ದೊಡ್ಡ ಘಟಕವೊಂದು ನಗರದಲ್ಲಿ ನಿಂತಿತು. ಭೂಪಟ ಬಿಡಿಸಿದರೆ ಈ ಆಯ್ಕೆಯ ಜಾಣತನ ಕಾಣುತ್ತದೆ. ದೆಹಲಿ–ಚೆನ್ನೈ ರೈಲು ಮಾರ್ಗವೂ ಮುಂಬೈ–ಹೌರಾ ಮಾರ್ಗವೂ ಒಂದನ್ನೊಂದು ದಾಟುವುದು ನಾಗಪುರದಲ್ಲಿ. ಬ್ರಿಟಿಷರು ದೇಶದ ದೂರಗಳನ್ನು ಅಳೆಯಲು ನೆಟ್ಟರೆನ್ನಲಾದ ಶೂನ್ಯ ಮೈಲಿಗಲ್ಲು ಇರುವುದೂ ಅಲ್ಲೇ. 4 ದಿನ ಬಾಳುವ ಸರಕು ಮಾಡುವವನಿಗೆ ನಾಲ್ಕು ದಿಕ್ಕಿಗೂ ಸಮೀಪವಿರುವ ಊರು ದೊಡ್ಡ ವರ.

ಆದರೆ ಊರು ಬಂದವರಿಗೆಲ್ಲ ಒಲಿಯುವುದಿಲ್ಲ. ಭುಜಿಯಾ ಅಲ್ಲಿನ ನಾಲಿಗೆಗೆ ಹೊಸದು. ಸಿಹಿ ಅಂಗಡಿಗಳಲ್ಲಿ ಬಗೆಗಳು ಕಡಿಮೆ ಎಂಬುದನ್ನು ಗಮನಿಸಿದ ಶಿವಕಿಶನ್ ಕಾಜು ಕತ್ಲಿ ಮಾಡಿಸಿ, ಬಂದವರ ಕೈಗೆಲ್ಲ ಒಂದೊಂದು ತುಂಡು ಪುಕ್ಕಟೆ ಇಟ್ಟರು ಎಂಬ ಕಥೆ ವ್ಯಾಪಾರ ವಲಯದಲ್ಲಿ ಪ್ರಸಿದ್ಧ. ಕತ್ಲಿ ಕೊಳ್ಳಲು ಬಂದವರು ಪಕ್ಕದಲ್ಲಿದ್ದ ಭುಜಿಯಾವನ್ನೂ ಒಯ್ದರು. ಬೆಲೆಬಾಳುವ ಗೋಡಂಬಿಯನ್ನು ಹಾಗೆ ಹಂಚಬೇಕಾದರೆ ತನ್ನ ಸರಕಿನ ಮೇಲೆ ಬಲವಾದ ನಂಬಿಕೆ ಬೇಕು. ಇಡ್ಲಿ ದೋಸೆಯ ಉಪಾಹಾರವನ್ನೂ ಅವರು ಅಲ್ಲಿ ಶುರುಮಾಡಿದರು. ಬಿಸಿ ದೋಸೆಯ ಆಯುಷ್ಯ ಹತ್ತು ನಿಮಿಷ. ಅದಕ್ಕಾಗಿ ಬಂದವರು ಮನೆಗೆ ಒಯ್ಯುವುದು ತಿಂಗಳುಗಟ್ಟಲೆ ಇರುವ ಖಾರದ ಪೊಟ್ಟಣ. ಇವತ್ತು ನಾಗಪುರದ ಅವರ ಮಳಿಗೆಗಳಲ್ಲಿ ಉಪಾಹಾರ, ಸಿಹಿ, ಖಾರ ಒಂದೇ ಸೂರಿನಡಿ ಇರುವುದರ ಹಿಂದಿನ ತರ್ಕ ಇದೇ ಎಂದು ತೋರುತ್ತದೆ.

ಕಾಜು ಕತ್ಲಿಯನ್ನೇ ಆರಿಸಿಕೊಂಡದ್ದೂ ಸುಮ್ಮನೆ ಅಲ್ಲ. ಅದರಲ್ಲಿ ಹಾಲಿಲ್ಲ. ಗೋಡಂಬಿಯ ಪುಡಿ, ಅದರ ಅರ್ಧದಷ್ಟು ಸಕ್ಕರೆಯ ಒಂದೆಳೆ ಪಾಕ, ಚೂರು ತುಪ್ಪ, ಇಷ್ಟೇ. ಆದರೆ ಗೋಡಂಬಿಯ ತೂಕದಲ್ಲಿ ನೂರಕ್ಕೆ 45ರಷ್ಟು ಕೊಬ್ಬು. ಒಂದೇ ಸಮನೆ ರುಬ್ಬಿದರೆ ಬಿಸಿಗೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಅದಕ್ಕೇ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಜರಡಿ ಹಿಡಿಯಬೇಕು. ಒಂದೆಳೆ ಪಾಕವೆಂದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್. ನಮ್ಮ ಅಜ್ಜಿಯರಿಗೆ ಥರ್ಮಾಮೀಟರ್ ಬೇಕಿರಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಎಳೆ ನಿಂತರೆ ಸಾಕು. ಆ ಎಳೆ ಅಳೆಯುವುದೂ ನೀರನ್ನೇ, ಸಕ್ಕರೆಯಲ್ಲಿ ಇನ್ನೆಷ್ಟು ನೀರು ಉಳಿದಿದೆ ಎಂಬುದನ್ನೇ. ಒಂದು ನಿಮಿಷ ತಡವಾಗಿ ಇಳಿಸಿದರೆ ಕತ್ಲಿ ಪುಡಿಪುಡಿ, ಬೇಗ ಇಳಿಸಿದರೆ ಅಂಟಂಟು.

ಸಂತ್ರಾ ಬರ್ಫಿ ಇದಕ್ಕಿಂತ ಕಷ್ಟದ ಕೆಲಸ. ನಾಗಪುರದ ಕಿತ್ತಳೆ ಸುಲಭವಾಗಿ ಸುಲಿಯುವ ಮ್ಯಾಂಡರಿನ್ ಜಾತಿಯದು. ಕೊಡಗಿನ ಕಿತ್ತಳೆಯೂ ಇದೇ ಬಳಗ. 2014ರಲ್ಲಿ ನಾಗಪುರ ಕಿತ್ತಳೆಗೆ ಭೌಗೋಳಿಕ ಸೂಚ್ಯಂಕದ ಮುದ್ರೆ ಸಿಕ್ಕಿತು. ಕಾಟೋಲ್, ನರಖೇಡ್, ಅಮರಾವತಿ ಕಡೆಯ ವರೂಡ್, ಮೋರ್ಶಿಯ ತೋಟಗಳಲ್ಲಿ ವರ್ಷಕ್ಕೆ ಎರಡು ಫಸಲು. ಚಳಿಗಾಲದ ಕೊನೆಯಲ್ಲಿ ಹೂ ಬಿಟ್ಟು ದೀಪಾವಳಿಯ ನಂತರ ಕೊಯ್ಲಿಗೆ ಬರುವುದು ಅಂಬಿಯಾ ಬಹಾರ್. ಮುಂಗಾರಿಗೆ ಹೂ ಬಿಟ್ಟು ಫೆಬ್ರವರಿ ಮಾರ್ಚ್‌ನಲ್ಲಿ ಹಣ್ಣಾಗುವುದು ಮೃಗ ಬಹಾರ್. ಉಳಿದ ತಿಂಗಳುಗಳಲ್ಲಿ ತಾಜಾ ಹಣ್ಣು ಸಿಗುವುದು ಕಷ್ಟ, ಆದ್ದರಿಂದ ವರ್ಷವಿಡೀ ಬರ್ಫಿ ಬೇಕೆಂದರೆ ತಿರುಳನ್ನು ಕಾಪಿಡುವ ಏರ್ಪಾಡೂ ಬೇಕು.

ಮೊದಲ ತೊಡಕು ಹುಳಿ. ಹಾಲಿಗೆ ನಿಂಬೆ ಹಿಂಡಿದರೆ ಒಡೆದು ಪನೀರ್ ಆಗುತ್ತದಲ್ಲವೇ, ಕಿತ್ತಳೆಯ ಸಿಟ್ರಿಕ್ ಆಮ್ಲ ಮಾಡುವುದೂ ಅದನ್ನೇ. ಆದ್ದರಿಂದ ರಸವನ್ನು ಹಾಲಿಗೆ ಸುರಿದು ಕುದಿಸುವ ದಾರಿ ಮುಚ್ಚಿದಂತೆಯೇ. ಹಾಲು ಇಂಗಿ ಖೋವಾ ಆಗಿ, ತಿರುಳು ಬೇರೆ ಬಾಣಲೆಯಲ್ಲಿ ಸಕ್ಕರೆಯೊಡನೆ ಗಟ್ಟಿಯಾಗಿ, ಎರಡೂ ಕೊನೆಯಲ್ಲಿ ಸೇರಬೇಕು. ಆಗ ಒಡೆಯಲು ಬೇಕಾದಷ್ಟು ನೀರು ಅಲ್ಲಿರುವುದಿಲ್ಲ.

ಎರಡನೆಯದು ಸಕ್ಕರೆಯ ಸ್ವಭಾವ. ಜಾಮೂನು, ಜಹಾಂಗೀರಿನ ಪಾಕಕ್ಕೆ ಎರಡು ಹನಿ ನಿಂಬೆರಸ ಹಾಕುವ ರೂಢಿ ನಮ್ಮಲ್ಲಿದೆ, ಪಾಕ ಹರಳುಗಟ್ಟದಿರಲಿ ಎಂದು. ಬಿಸಿಯಲ್ಲಿ ಹುಳಿ ಬಿದ್ದಾಗ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಒಡೆದ ಸಕ್ಕರೆ ಸುಲಭವಾಗಿ ಹರಳಾಗುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಜಾಮೂನಿಗೆ ಇದು ಗುಣ, ಬರ್ಫಿಗೆ ದೋಷ. ಬರ್ಫಿಗೆ ಸಣ್ಣಗೆ ಹರಳುಗಟ್ಟಿ ಅಂಚು ನಿಲ್ಲುವ ಸಕ್ಕರೆಯೇ ಬೇಕು. ಹಾಗಾಗಿ ತಿರುಳನ್ನು ಗಂಟೆಗಟ್ಟಲೆ ಕುದಿಸುವಂತಿಲ್ಲ. ಅಗಲ ಬಾಯಿಯ ಬಾಣಲೆಯಲ್ಲಿ, ಜೋರು ಉರಿಯಲ್ಲಿ, ಕೈಬಿಡದೆ ತಿರುವಿ ಬೇಗ ನೀರು ಕಳೆಯಬೇಕು.

ಮೂರನೆಯದೇ ಅತಿ ಸೂಕ್ಷ್ಮ. ಕಿತ್ತಳೆ ರಸವನ್ನು ಹಿಂಡಿ ಇಟ್ಟರೆ ಅಥವಾ ಕಾಯಿಸಿದರೆ ಸ್ವಲ್ಪ ಹೊತ್ತಿಗೆ ಕಹಿ ಏರುತ್ತದೆ. ನಾಗಪುರ ಕಿತ್ತಳೆಯಲ್ಲಿ ಈ ಕಹಿಯ ತೊಂದರೆ ಚೆನ್ನಾಗಿ ಗೊತ್ತಿರುವುದೇ. ಕಾರಣ ಲಿಮೋನಿನ್ ಎಂಬ ವಸ್ತು. ತೊಳೆಯ ಪೊರೆಯಲ್ಲಿ, ಬೀಜದಲ್ಲಿ ಕಹಿಯಿಲ್ಲದ ರೂಪದಲ್ಲಿ ಕೂತಿರುವುದು ಹುಳಿರಸದ ಜೊತೆ ಬೆರೆತಾಗ ಕಹಿಯಾಗಿ ಬದಲಾಗುತ್ತದೆ. ತೊಳೆಯನ್ನು ಹಾಗೇ ಬಾಯಿಗೆ ಹಾಕಿಕೊಂಡಾಗ ಸಿಹಿ, ಅದನ್ನೇ ಮಿಕ್ಸಿಗೆ ಹಾಕಿ ಕುದಿಸಿದರೆ ಕಹಿ! ಮನೆಯಲ್ಲಿ ಈ ಬರ್ಫಿ ಕೆಡುವುದು ಹೆಚ್ಚಾಗಿ ಇಲ್ಲೇ. ಪರಿಹಾರ ಸರಳ, ಶ್ರಮ ಮಾತ್ರ ಜಾಸ್ತಿ. ಪ್ರತಿ ತೊಳೆಯ ಪೊರೆ ಸೀಳಿ, ಬೀಜ ತೆಗೆದು, ಒಳಗಿನ ರಸದ ಎಸಳುಗಳನ್ನಷ್ಟೇ ಬಿಡಿಸಿಕೊಳ್ಳಬೇಕು.

ವಿದರ್ಭದ ಅಡುಗೆಮನೆಗಳು ಹಾಲಿನ ತೊಡಕಿಗೆ ಇನ್ನೊಂದು ದಾರಿ ಕಂಡುಕೊಂಡಿವೆ. ಬೂದುಗುಂಬಳಕಾಯಿಯ ತುರಿಯನ್ನು ಬೇಯಿಸಿ, ಹಿಂಡಿ, ಅದರ ಮೇಲೆ ಕಿತ್ತಳೆಯ ರುಚಿ ಹತ್ತಿಸುವುದು. ಕುಂಬಳದಲ್ಲಿ ಒಡೆಯಲು ಹಾಲಿಲ್ಲ, ತನ್ನದೇ ಆದ ಗಟ್ಟಿ ರುಚಿಯಿಲ್ಲ, ಸಕ್ಕರೆಯನ್ನು ಚೆನ್ನಾಗಿ ಹೀರುತ್ತದೆ, ಬೆಂದರೂ ನಾರು ನಾರಾಗಿ ನಿಂತು ಹಣ್ಣಿನ ಎಸಳಿನ ಭಾವನೆ ಕೊಡುತ್ತದೆ. ಕಾಶಿ ಹಲ್ವಾ ಮಾಡುವ ಕರ್ನಾಟಕದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೊಸ ಊರಿನ ಹಣ್ಣು, ಹಳೆಯ ಕೈಚಳಕ. ಧಾರವಾಡ ಪೇಢೆಯೂ ಹೀಗೇ ಬಂದದ್ದು. ಪ್ಲೇಗಿನ ಕಾಲದಲ್ಲಿ ಉನ್ನಾವ್‌ನಿಂದ ಬಂದ ಠಾಕೂರ್ ಕುಟುಂಬ ಉತ್ತರದ ಪೇಢೆಯನ್ನು ಧಾರವಾಡದ ಹಾಲಿಗೆ ಒಗ್ಗಿಸಿತು. ಕಂದು ಬರುವಷ್ಟು ಹುರಿದು ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದರಿಂದಲೇ ಅದು ಬಿಳಿ ಪೇಢೆಗಿಂತ ಹೆಚ್ಚು ದಿನ ನಿಲ್ಲುತ್ತದೆ.

ಸಿಹಿಯಿಂದ ಹೆಸರು ಬಂದರೂ ದೇಶವ್ಯಾಪಿ ವ್ಯಾಪಾರ ಬೆಳೆದದ್ದು ಖಾರದಿಂದ. ಚೆನ್ನಾಗಿ ಕರಿದ ಭುಜಿಯಾದಲ್ಲಿ ನೀರು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಅದನ್ನು ಕೆಡಿಸುವುದು ಬ್ಯಾಕ್ಟೀರಿಯಾ ಅಲ್ಲ, ಗಾಳಿ. ಆಮ್ಲಜನಕ ತಗುಲಿ ಎಣ್ಣೆ ಕಮಟುತ್ತದೆ, ತೇವ ತಗುಲಿ ಎಳೆ ಮೆತ್ತಗಾಗುತ್ತದೆ. ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದು ಇವನ್ನು ತಡೆಯಲೆಂದೇ. ಪೊಟ್ಟಣ ಉಬ್ಬಿರುವುದು ಸಾರಜನಕ ತುಂಬಿರುವುದರಿಂದ. ಗಾಳಿ ತುಂಬಿ ಮೋಸ ಮಾಡಿದ್ದಾರೆ ಎಂದು ಕೆಲವರು ಗೊಣಗುತ್ತಾರೆ. ಆ ಸಾರಜನಕ ಇಲ್ಲದಿದ್ದರೆ ಎಣ್ಣೆ ಬಹಳ ಬೇಗ ಕಮಟುತ್ತಿತ್ತು, ಸಾಗಾಟದಲ್ಲಿ ಎಳೆಗಳೆಲ್ಲ ಪುಡಿಯಾಗುತ್ತಿದ್ದವು.

ಕುಟುಂಬದ ಪಾಲಿನ ಕಥೆ ತಿಳಿದರೆ ಅಂಗಡಿಯಲ್ಲಿ ಆಗುವ ಒಂದು ಗೊಂದಲ ಬಗೆಹರಿಯುತ್ತದೆ. ಗಂಗಾ ಬಿಶನ್ ಅವರಿಗೆ ಮೂಲ್‌ಚಂದ್, ಸತ್ಯನಾರಾಯಣ, ರಾಮೇಶ್ವರಲಾಲ್ ಎಂದು ಮೂವರು ಗಂಡುಮಕ್ಕಳು. 1974ರಲ್ಲಿ ಪಾಲುದಾರಿಕೆ ಮುರಿದಾಗ ಹೆಸರನ್ನು ಊರಿನ ಲೆಕ್ಕದಲ್ಲಿ ಹಂಚಲಾಯಿತು. ಪಶ್ಚಿಮ ಬಂಗಾಳ ರಾಮೇಶ್ವರಲಾಲ್ ಅವರ ಕವಲಿಗೆ, ಉಳಿದ ಭಾರತ ಮೂಲ್‌ಚಂದ್ ಕವಲಿಗೆ. 1985ರಲ್ಲಿ ಮೂಲ್‌ಚಂದ್ ತೀರಿಕೊಂಡ ಮೇಲೆ ಅವರ ನಾಲ್ವರು ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಬೆಳೆದರು. ನಾಗಪುರದಲ್ಲಿ ಶಿವಕಿಶನ್, ದೆಹಲಿಯಲ್ಲಿ ಮನೋಹರಲಾಲ್ ಮತ್ತು ಮಧುಸೂದನ್. ಬಿಕಾನೇರ್‌ನ ಶಿವರತನ್ 1993ರಲ್ಲಿ, ಆ ಊರನ್ನು ಕಟ್ಟಿದ ರಾವ್ ಬೀಕಾನ ನೆನಪು ತರುವ ಬಿಕಾಜಿ ಎಂಬ ಹೆಸರು ತಂದರು. ಅದು 2022ರ ನವೆಂಬರ್‌ನಲ್ಲಿ ಷೇರುಪೇಟೆಗೂ ಬಂತು.

ಹಿಟ್ಟು, ಅಚ್ಚು, ಬಾಣಲೆಯನ್ನು ಹಂಚಿಕೊಳ್ಳಬಹುದು. ಹೆಸರನ್ನು ಹಂಚುವುದು ಕಷ್ಟ, ಏಕೆಂದರೆ ಅದು ಒಂದು ಊರಿನ ಗಡಿಯೊಳಗೆ ನಿಲ್ಲುವುದಿಲ್ಲ. ಕೋಲ್ಕತ್ತ ಕವಲಿನವರು ದೆಹಲಿಯ ಆರ್ಯಸಮಾಜ ರಸ್ತೆಯಲ್ಲಿ ಇದೇ ಹೆಸರಿನ ಅಂಗಡಿ ತೆರೆದಾಗ ವ್ಯಾಜ್ಯ ಹುಟ್ಟಿತು. ನೋಂದಾಯಿಸದ ಪಾಲುದಾರಿಕೆ ಸಂಸ್ಥೆ ತನ್ನ ವ್ಯಾಪಾರಿ ಮುದ್ರೆಯ ರಕ್ಷಣೆಗೆ ದಾವೆ ಹೂಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕರಾರಿನಿಂದ ಹುಟ್ಟಿದ ಹಕ್ಕಿಗೆ ನೋಂದಣಿ ಬೇಕು, ಕಾನೂನಿನಿಂದಲೇ ಬಂದ ಹಕ್ಕಿಗೆ ಬೇಡ, ಆದ್ದರಿಂದ ಹೂಡಬಹುದು ಎಂದು 2000ದಲ್ಲಿ ತೀರ್ಪು ಬಂತು. ಪಾಲುದಾರಿಕೆ ಕಾಯ್ದೆಯ 69ನೇ ಕಲಮನ್ನು ಓದುವ ಕಾನೂನು ವಿದ್ಯಾರ್ಥಿಗಳೆಲ್ಲ ಈ ಭುಜಿಯಾ ಮೊಕದ್ದಮೆಯನ್ನು ಎದುರುಗೊಳ್ಳುತ್ತಾರೆ. ನಾಲ್ಕು ಜನ ಸೇರಿ ಹೋಟೆಲೋ ಬೇಕರಿಯೋ ನಡೆಸುತ್ತಿರುವ ನಮ್ಮ ಕುಟುಂಬಗಳು ಇದರಿಂದ ಕಲಿಯುವುದಿದೆ. ಬೋರ್ಡಿನ ಮೇಲಿನ ಹೆಸರು ಯಾರದು, ಯಾವ ಊರಿನವರೆಗೆ ಎಂಬುದನ್ನು ಪಾಲುಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ, ನೋಂದಣಿಯನ್ನೂ ಮಾಡಿಸಿಡುವುದು ಒಳ್ಳೆಯದು. ಅಣ್ಣತಮ್ಮಂದಿರು ಪ್ರೀತಿಯಿಂದಿರುವಾಗಲೇ ಆಗಬೇಕಾದ ಕೆಲಸ ಅದು.

ಒಂದೇ ಹೆಸರಿನ ಪೊಟ್ಟಣಗಳ ರುಚಿಯಲ್ಲಿ ಸಣ್ಣ ವ್ಯತ್ಯಾಸ ಕಂಡಿದ್ದರೆ ಅದಕ್ಕೆ ಕಾರಣ ಇಷ್ಟೇ, ಅವು ಬೇರೆ ಬೇರೆ ಮನೆಯವು. ತಿರುಗಿಸಿ ಹಿಂಬದಿಯ ವಿಳಾಸ ನೋಡಿದರೆ ಯಾವ ಕವಲಿನದೆಂದು ತಿಳಿಯುತ್ತಿತ್ತು. ಪಶ್ಚಿಮ ಮತ್ತು ದಕ್ಷಿಣ ಭಾರತ ಬಹುಮಟ್ಟಿಗೆ ನಾಗಪುರದ ಪಾಲಾಗಿತ್ತು, ಆದ್ದರಿಂದ ಕರ್ನಾಟಕದ ಅಂಗಡಿಗಳಿಗೆ ಬರುತ್ತಿದ್ದದ್ದು ಹೆಚ್ಚಾಗಿ ನಾಗಪುರದ ಸರಕೇ. ಈಗ ಆ ಚಿತ್ರ ಬದಲಾಗಿದೆ. ನಾಗಪುರ ಮತ್ತು ದೆಹಲಿಯ ಪೊಟ್ಟಣ ತಿನಿಸಿನ ವ್ಯಾಪಾರಗಳು ಒಂದಾಗಲು 2023ರಲ್ಲಿ ಸ್ಪರ್ಧಾ ಆಯೋಗ ಒಪ್ಪಿತು. ಹೊಸ ಸಂಸ್ಥೆಯಲ್ಲಿ ದೆಹಲಿಗೆ ನೂರಕ್ಕೆ 56, ನಾಗಪುರಕ್ಕೆ 44 ಪಾಲು ಎಂದು ಆಗ ಗೊತ್ತಾಗಿತ್ತು. 2025ರಲ್ಲಿ ವಿಲೀನ ಪೂರ್ಣವಾಯಿತು, ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ನೂರಕ್ಕೆ ಸುಮಾರು ಹತ್ತು ಪಾಲು ಕೊಂಡಿತು. ಅಜ್ಜನ ಅಂಗಡಿಯಿಂದ ಬೇರೆಯಾದ ಎರಡು ಕವಲು ಹಲವು ದಶಕಗಳ ಮೇಲೆ ಮತ್ತೆ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದಿವೆ. ಗಮನಿಸಬೇಕಾದ ಮಾತೆಂದರೆ, ಒಂದಾದದ್ದು ಪೊಟ್ಟಣದ ವ್ಯಾಪಾರ. ತಿಂಗಳುಗಟ್ಟಲೆ ಇರುವ ಸರಕಿಗೆ ಎರಡು ಊರಿನ ಕಾರ್ಖಾನೆಗಳನ್ನು ಒಂದೇ ತೆಕ್ಕೆಗೆ ತಂದರೆ ಲಾಭ. ತಟ್ಟೆಯಲ್ಲಿಟ್ಟು ಮಾರುವ ಸಿಹಿಗೆ ಇವತ್ತಿಗೂ ಆಯಾ ಊರಿನ ಅಡುಗೆಮನೆಯೇ ಬೇಕು.

ಮನೆಯಲ್ಲಿ ಮಾಡಿ ನೋಡುವವರಿಗೆ ಅಳತೆ ಇಲ್ಲಿದೆ. ನಾಗಪುರದ ಹಣ್ಣು ಸಿಗದಿದ್ದರೆ ಕೊಡಗಿನದೂ ಆದೀತು. ನಾಲ್ಕೈದು ಹಣ್ಣಿನ ತೊಳೆಗಳ ಪೊರೆ, ಬೀಜ ತೆಗೆದು ಒಂದು ಬಟ್ಟಲು ಎಸಳು ಬಿಡಿಸಿಕೊಳ್ಳಿ. ಸುಲಿಯುವ ಮೊದಲೇ ಒಂದು ಹಣ್ಣನ್ನು ತೊಳೆದು, ಹೊರಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ಅರ್ಧ ಚಮಚ ತುರಿದಿಡಿ. ಪರಿಮಳದ ಎಣ್ಣೆ ಇರುವುದು ಅಲ್ಲಿ, ಅದರ ಕೆಳಗಿನ ಬಿಳಿ ಪದರ ಕಹಿ. ಎಸಳಿಗೆ 100 ಗ್ರಾಂ ಸಕ್ಕರೆ ಹಾಕಿ ಅಗಲ ಬಾಣಲೆಯಲ್ಲಿ, ಸೌಟು ಎಳೆದ ದಾರಿ ಒಂದು ಕ್ಷಣ ತೆರೆದೇ ಉಳಿಯುವವರೆಗೆ ಗಟ್ಟಿ ಮಾಡಿ ಇಳಿಸಿ. ಇನ್ನೊಂದು ಬಾಣಲೆಯಲ್ಲಿ 250 ಗ್ರಾಂ ಸಕ್ಕರೆಯಿಲ್ಲದ ಖೋವಾವನ್ನು ಒಂದು ಚಮಚ ತುಪ್ಪದೊಡನೆ ಸಣ್ಣ ಉರಿಯಲ್ಲಿ, ಅಂಚು ಬಿಡುವವರೆಗೆ ಹುರಿಯಿರಿ. ಎರಡನ್ನೂ ಸೇರಿಸಿ ಮತ್ತೆ ಮೂರು ನಾಲ್ಕು ನಿಮಿಷ ತಿರುವಿ, ಮುದ್ದೆ ಬಾಣಲೆ ಬಿಟ್ಟಾಗ ಉರಿ ಆರಿಸಿ. ಸಿಪ್ಪೆಯ ತುರಿ ಹಾಕುವುದು ಆಮೇಲೆ, ಮೊದಲೇ ಹಾಕಿದರೆ ಪರಿಮಳವೆಲ್ಲ ಹಬೆಯ ಜೊತೆ ಹೋಗಿಬಿಡುತ್ತದೆ. ತುಪ್ಪ ಸವರಿದ ತಟ್ಟೆಗೆ ಸುರಿದು, ಮೂರು ಗಂಟೆ ಮುಟ್ಟದೆ ಬಿಡಿ.

ಬಿಸಿ ಪೂರ್ತಿ ಆರುವ ಮೊದಲು ಡಬ್ಬಿಯ ಮುಚ್ಚಳ ಹಾಕಬೇಡಿ. ಕಳೆದ ನೀರೆಲ್ಲ ಮುಚ್ಚಳಕ್ಕೆ ಹನಿಯಾಗಿ ಕಟ್ಟಿ, ತೊಟ್ಟಿಕ್ಕಿ, ಬರ್ಫಿಗೇ ವಾಪಸ್ಸು ಬರುತ್ತದೆ.